ಶಿಬಿರದ ಮಕ್ಕಳು, ಶಿಬಿರದ ದುಡಿಮೆ: ಓದುಗರ ಪ್ರಶ್ನೆ, ಬಲ್ಲವರ ಉತ್ತರ

ಈ ಸಲ ಬಂದ ಪತ್ರಗಳು ಹೆಚ್ಚಾಗಿ ಎರಡು ಬಗೆಯ ಶಿಬಿರಗಳನ್ನು ಕುರಿತವು. ಒಂದು, ತಮಿಳುನಾಡಿನ ಶ್ರೀಲಂಕಾ ತಮಿಳರ ಶಿಬಿರ. 1983ರ ಜುಲೈ ಗಲಭೆಯ ನಂತರ ದೋಣಿ ಹತ್ತಿ ಬಂದವರು, ಆಮೇಲಿನ ಯುದ್ಧದ ವರ್ಷಗಳಲ್ಲಿ ಬಂದವರು, ಇಲ್ಲೇ ಹುಟ್ಟಿದ ಅವರ ಮಕ್ಕಳು, ಮೊಮ್ಮಕ್ಕಳು ಅಲ್ಲಿದ್ದಾರೆ. ಇನ್ನೊಂದು, ಸೊಲ್ಲಾಪುರ–ಸಾಂಗಲಿ ಕಡೆ ದೀಪಾವಳಿಯ ಆಸುಪಾಸಿನಲ್ಲಿ ಏಳುವ ಕಬ್ಬು ಕಡಿಯುವವರ ಗುಡಿಸಲ ಸಾಲು. ಮೊದಲಿನವರು ನಲವತ್ತು ವರ್ಷವಾದರೂ ಮರಳಿ ಹೋಗಲಾಗದವರು, ಎರಡನೆಯವರು ಐದಾರು ತಿಂಗಳಲ್ಲಿ ಗಂಟು ಕಟ್ಟುವವರು. ಒಬ್ಬರಿಗೆ ಒಪ್ಪುವ ನೆರವು ಇನ್ನೊಬ್ಬರಿಗೆ ಒಪ್ಪುವುದಿಲ್ಲ. ಉತ್ತರ ಓದುವಾಗ ಇದು ನೆನಪಿರಲಿ.

ಪ್ರಶ್ನೆ: ನಮ್ಮೂರ ಹೊರಗ ಕಬ್ಬು ಕಡಿಯಾವ್ರ ಗುಡಸಲ ಮೂವತ್ತು–ನಲವತ್ತು ಬಂದಾವ. ವಿಜಯಪುರ ಕಡಿ ತಾಂಡಾದವರು ಅದಾರ, ಬೀಡ ಜಿಲ್ಲಾದವರೂ ಅದಾರ. ಹುಡುಗರು ಸಾಲಿ ಬಿಟ್ಟು ಅಡ್ಡಾಡತಾವ. ನಾವು ರಿಟೈರ್ ಆದ ಮಾಸ್ತರು ನಾಲ್ಕು ಮಂದಿ ಕೂಡಿ ಏನರ ಮಾಡಬೇಕಂತೀವಿ. ಎಲ್ಲಿಂದ ಸುರು ಮಾಡೂದು?
— ನಿವೃತ್ತ ಶಿಕ್ಷಕರು, ಜತ್ತ ತಾಲ್ಲೂಕು, ಸಾಂಗಲಿ ಜಿಲ್ಲೆ

ಉತ್ತರ: ಮಾಸ್ತರರೇ, ಹಲಗೆ–ಖಡು ತರುವ ಮುಂಚೆ ತೊಟ್ಟಿಲಿನ ವ್ಯವಸ್ಥೆ ಮಾಡಿ. ಕೊಯ್ತಾ ಎಂದರೆ ಗಂಡ–ಹೆಂಡತಿ ಜೋಡಿ. ಇಬ್ಬರೂ ನಸುಕಿನಲ್ಲೇ ಫಡಕ್ಕೆ, ಅಂದರೆ ಕಬ್ಬಿನ ಹೊಲಕ್ಕೆ, ಹೋಗುತ್ತಾರೆ. ಗುಡಿಸಲಲ್ಲಿ ಉಳಿದ ಕೂಸಿಗೆ ಎಂಟು–ಹತ್ತು ವರ್ಷದ ಅಕ್ಕನೇ ತಾಯಿ. ಆ ಹುಡುಗಿಯ ಸೊಂಟದಿಂದ ಕೂಸು ಇಳಿಯುವ ತನಕ ಆಕೆ ನಿಮ್ಮ ಸಾಲಿಗೆ ಬರುವುದಿಲ್ಲ. ಬಂದರೂ ಕೂಸಿನೊಂದಿಗೆ ಬಂದು, ಅದು ಅತ್ತಾಗ ಎದ್ದು ಹೋಗುತ್ತಾಳೆ. ಇಂಥ ಶಿಬಿರಗಳ ಸಾಲೆಗಳಲ್ಲಿ ಗಂಡುಹುಡುಗರೇ ತುಂಬಿ ಹೆಣ್ಣುಹುಡುಗಿಯರು ಕಾಣದಿರುವುದಕ್ಕೆ ಮೊದಲ ಕಾರಣ ಇದೇ.

ಆದ್ದರಿಂದ ಮೊದಲ ವಾರ ಎಣಿಕೆಗೆ ಇಡಿ. ಹಗಲು ಹೋದರೆ ದೊಡ್ಡವರು ಸಿಗುವುದಿಲ್ಲ. ಸಂಜೆ ಒಲೆ ಹೊತ್ತಿದ ಮೇಲೆ ಹೋಗಿ. ಅದಕ್ಕೂ ಮುಂಚೆ ಟೋಳಿಯ (ಕಡಿಯುವವರ ತಂಡದ) ಮುಕಾದಮರನ್ನು, ಸಕ್ಕರೆ ಕಾರ್ಖಾನೆಯ ಶೇತಕಿ (ಕೃಷಿ) ವಿಭಾಗದ ಅಧಿಕಾರಿಯನ್ನು ಕಂಡು ಮಾತಾಡಿ. ಮುಂಗಡದ ಉಚಲ್ ಕೊಟ್ಟು ಜನರನ್ನು ಕರೆತಂದವರು ಮುಕಾದಮರು. ಅವರಿಗೆ ಸಂಶಯ ಬಂದರೆ ಯಾವ ತಾಯಿಯೂ ನಿಮ್ಮೊಡನೆ ಮಾತಾಡಲಿಕ್ಕಿಲ್ಲ. ಪುಸ್ತಕದಲ್ಲಿ ಈ ಕಾಲಂಗಳಿರಲಿ: ಮಗುವಿನ ಹೆಸರು, ವಯಸ್ಸು, ಸ್ವಂತ ಊರು, ಅಲ್ಲಿನ ಶಾಲೆ ಮತ್ತು ತರಗತಿ, ವಿದ್ಯಾರ್ಥಿ ಸಂಖ್ಯೆ, ಮನೆಮಾತು, ಹಗಲು ಗುಡಿಸಲಲ್ಲಿ ಯಾರಿರುತ್ತಾರೆ, ಮುಕಾದಮರ ಹೆಸರು. ಮನೆಮಾತಿನ ಕಾಲಂ ಮರೆಯಬೇಡಿ. ತಾಂಡಾದ ಮಕ್ಕಳು ಮನೆಯಲ್ಲಿ ಗೋರಬೋಲಿ (ಲಂಬಾಣಿ ಮಾತು), ಊರ ಶಾಲೆಯಲ್ಲಿ ಕನ್ನಡ, ಇಲ್ಲಿ ಸುತ್ತಲೂ ಮರಾಠಿ ಕೇಳುತ್ತಿರುತ್ತಾರೆ.

ಕೂಸಿನ ಮನೆಗೆ 25 ಮಕ್ಕಳಿಗೆ ಒಬ್ಬ ಕಾರ್ಯಕರ್ತೆ, ಒಬ್ಬ ಸಹಾಯಕಿ ಬೇಕು. ಸಹಾಯಕಿ ಶಿಬಿರದವರೇ ಆಗಿರಲಿ: ಕಡಿಯಲು ಹೋಗಲಾಗದ ಅಜ್ಜಿ, ದಿನ ತುಂಬಿದ ಬಸುರಿಯ ಅತ್ತೆ, ಇಂಥವರು. ಅವರಿಗೆ ತಿಂಗಳ ಸಂಬಳವನ್ನು ತಪ್ಪದೆ ಕೊಡಿ, ಪುಕ್ಕಟೆ ದುಡಿಸಬೇಡಿ. ಬಾಗಿಲು ತೆರೆಯುವುದು ಬೆಳಿಗ್ಗೆ ಆರಕ್ಕೆ. ಹತ್ತಕ್ಕೆ ತೆರೆದರೆ ಅಷ್ಟೊತ್ತಿಗೆ ಅಕ್ಕನ ಅರ್ಧ ದಿನ ಹೋಗಿರುತ್ತದೆ. ಹತ್ತಿರದ ಅಂಗನವಾಡಿ ಸೇವಿಕೆಗೂ ಪಟ್ಟಿ ಕೊಡಿ. ಆರು ವರ್ಷದೊಳಗಿನ ಮಕ್ಕಳು, ಬಸುರಿ–ಬಾಣಂತಿಯರು ವಲಸೆ ಬಂದವರೆಂದು ಅವರಿಗೆ ಸಲ್ಲುವ ಆಹಾರ ತಪ್ಪಬಾರದು.

ಆರರಿಂದ ಹದಿನಾಲ್ಕರ ಮಕ್ಕಳಿಗೆ ಮೊದಲ ದಾರಿ ನಿಮ್ಮ ಗುಡಾರವಲ್ಲ, ಜಿಲ್ಲಾ ಪರಿಷತ್ ಶಾಲೆ. ಜತ್ತ, ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ ತಾಲ್ಲೂಕುಗಳಲ್ಲಿ ಕನ್ನಡ ಮಾಧ್ಯಮದ ಜಿಲ್ಲಾ ಪರಿಷತ್ ಶಾಲೆಗಳಿವೆ. ವಿಜಯಪುರದ ಮಗುವನ್ನು ಮರಾಠಿ ಶಾಲೆಯಲ್ಲಿ ಕೂರಿಸಿ ಆರು ತಿಂಗಳು ಮೂಕನನ್ನಾಗಿ ಮಾಡುವ ಬದಲು ಈ ಶಾಲೆಗಳಿಗೆ ಸೇರಿಸಬಹುದು. ಇಂಥ ಅನುಕೂಲವಿದ್ದರೂ ಇದನ್ನು ಬಳಸಿಕೊಂಡವರು ಕಡಿಮೆ. ಬೀಡದ ಮಕ್ಕಳು ಮರಾಠಿ ಶಾಲೆಗೆ ಹೋಗಲಿ. ದಾರಿಯಲ್ಲಿ ಎರಡೆರಡು ಟ್ರಾಲಿ ಕಟ್ಟಿದ ಟ್ರ್ಯಾಕ್ಟರ್‌ಗಳು ಓಡಾಡುವ ಕಾಲ ಅದು, ಹಿಂದಿನ ಟ್ರಾಲಿ ಯಾವ ಕಡೆ ತೂಗುತ್ತದೋ ಹೇಳಲಾಗದು. ಹೋಗುವಾಗ ಬರುವಾಗ ಮಕ್ಕಳ ಸಾಲಿನ ಜೊತೆ ಒಬ್ಬ ದೊಡ್ಡವರು ನಡೆಯಲೇಬೇಕು.

ಶಾಲೆ ದೂರವಾದವರಿಗೆ, ಶಾಲೆ ಬಿಟ್ಟು ವರ್ಷಗಳಾದವರಿಗೆ ಶಿಬಿರದಲ್ಲೇ ಕೇಂದ್ರ ಬೇಕು. 40 ಮಕ್ಕಳಿಗೆ 18×24 ಅಡಿಯ ಗಟ್ಟಿ ತಾಡಪಾಲು, ಬಿದಿರಿನ ಗಳ, ನೆಲಕ್ಕೆ ಇನ್ನೊಂದು ತಾಡಪಾಲು, 3×4 ಅಡಿಯ ಎರಡು ಹಲಗೆ, 50 ಪಾಟಿ, ತೆಳು ಕತೆಪುಸ್ತಕ 60–80, ನಲ್ಲಿಯಿರುವ 20 ಲೀಟರಿನ ಎರಡು ಕ್ಯಾನು, ಗಾಯಕ್ಕೆ ಹಚ್ಚುವ ಔಷಧಿ ಪೆಟ್ಟಿಗೆ ಸಾಕು. ಗೋಡೆಗೆ ಕಬ್ಬಿನ ರವದಿ (ಒಣ ಗರಿ) ಕಟ್ಟಬೇಡಿ. ಪುಕ್ಕಟೆ ಸಿಗುತ್ತದೆ, ತಂಪೂ ಇರುತ್ತದೆ, ಆದರೆ ಒಂದು ಕಿಡಿಗೆ ಇಡೀ ಚಪ್ಪರ ನಿಮಿಷದಲ್ಲಿ ಹೊತ್ತಿ ಉರಿಯುತ್ತದೆ. ಒಲೆ 30 ಅಡಿ ಆಚೆ ಇರಲಿ, ಬಾಗಿಲ ಬಳಿ ಎರಡು ಬಕೆಟ್ ಮರಳು ಇಡಿ.

ತರಗತಿ ನೋಡಿ ಗುಂಪು ಮಾಡಬೇಡಿ. ಐದನೆಯ ತರಗತಿಯವನು ಅಕ್ಷರ ಮರೆತಿರಬಹುದು, ಎರಡನೆಯವಳು ಸರಾಗ ಓದಬಹುದು. ಒಂದು ಹಾಳೆಯಲ್ಲಿ ಹತ್ತು ಅಕ್ಷರ, ಹತ್ತು ಪದ, ನಾಲ್ಕು ಸಾಲಿನ ಪ್ಯಾರಾ, ಒಂದು ಸಣ್ಣ ಕತೆ ಬರೆದು ಪ್ರತಿ ಮಗುವಿನ ಜೊತೆ ಎರಡು ನಿಮಿಷ ಕೂತರೆ ಯಾರು ಎಲ್ಲಿದ್ದಾರೆಂದು ತಿಳಿಯುತ್ತದೆ. ಓದಿನ ಮಟ್ಟಕ್ಕೆ ತಕ್ಕಂತೆ ಮೂರು ಗುಂಪು ಮಾಡಿ, ಮೂರು ವಾರಕ್ಕೊಮ್ಮೆ ಮತ್ತೆ ಓದಿಸಿ ಮೇಲಿನ ಗುಂಪಿಗೆ ಕಳಿಸಿ. ಗೋರಬೋಲಿಯ ಚಿಕ್ಕ ಮಕ್ಕಳಿಗೆ ಮೊದಲ ಎರಡು ವಾರ ಬರೀ ಮಾತು, ಹಾಡು, ಕತೆ. ತಾಂಡಾದ ಓದಿದ ಹುಡುಗಿ ಒಬ್ಬಳು ಸಹಾಯಕಿಯಾಗಿ ಸಿಕ್ಕರೆ ನಿಮ್ಮ ಅರ್ಧ ಕೆಲಸ ಹಗುರ.

ಇನ್ನು ನೀರು. ಟ್ಯಾಂಕರ್ ನೀರನ್ನು ಹಾಗೇ ಕುಡಿಸಿದರೆ ವಾಂತಿ–ಭೇದಿ ಬಂದು ಹಾಜರಿ ಕುಸಿಯುತ್ತದೆ. 1,000 ಲೀಟರಿಗೆ 2.5 ಗ್ರಾಂ ಒಳ್ಳೆಯ ಬ್ಲೀಚಿಂಗ್ ಪುಡಿಯನ್ನು ಸ್ವಲ್ಪ ನೀರಲ್ಲಿ ಕಲಸಿ, ಗಷ್ಟು ಕೆಳಗೆ ಕೂತ ಮೇಲೆ ತಿಳಿಯನ್ನಷ್ಟೇ ಟ್ಯಾಂಕಿಗೆ ಸುರಿಯಿರಿ. ಒಂದು ಗಂಟೆಯ ನಂತರ ಬಳಸಿ. ನೀರು ಬಗ್ಗಡವಿದ್ದರೆ ಮೊದಲು ತಿಳಿಯಾಗಿಸಿ, ಕೊಳೆ ಇದ್ದಷ್ಟೂ ಕ್ಲೋರಿನ್ ಅದಕ್ಕೇ ಖರ್ಚಾಗುತ್ತದೆ. ಬಾಯಿ ತೆರೆದಿಟ್ಟ ಚೀಲದ ಪುಡಿ ಕೆಲವೇ ವಾರಗಳಲ್ಲಿ ಸತ್ವ ಕಳೆದುಕೊಳ್ಳುತ್ತದೆ. ಮುಚ್ಚಳ ಬಿಗಿಯುವ ಡಬ್ಬಿಯಲ್ಲಿ ನೆರಳಲ್ಲಿಡಿ.

ಪ್ರಶ್ನೆ: ಕರ್ನಾಟಕದಿಂದ ಬಂದ ಕಬ್ಬಿನ ಮಕ್ಕಳು ಟಿಸಿ ಇಲ್ಲದೆ ನವೆಂಬರಿನಲ್ಲಿ ಬರುತ್ತಾರೆ, ಮಾರ್ಚಿನಲ್ಲಿ ಹೇಳದೆ ಹೋಗುತ್ತಾರೆ. ದಾಖಲೆ ಹೇಗೆ ಇಡಬೇಕು? ಬಿಸಿಯೂಟ ಕೊಡಬಹುದೇ?
— ಕನ್ನಡ ಶಾಲೆಯ ಶಿಕ್ಷಕಿ, ಅಕ್ಕಲಕೋಟೆ ತಾಲ್ಲೂಕು

ಉತ್ತರ: ಸೇರಿಸಿಕೊಳ್ಳಿ, ಊಟವನ್ನೂ ಕೊಡಿ. 2009ರ ಶಿಕ್ಷಣ ಹಕ್ಕು ಕಾಯ್ದೆ ಇಲ್ಲಿ ಸ್ಪಷ್ಟವಾಗಿದೆ. 5ನೇ ಕಲಮಿನ ಪ್ರಕಾರ ಟಿಸಿ ತಡವಾಯಿತೆಂದು ಪ್ರವೇಶ ತಡೆಯುವಂತಿಲ್ಲ, ನಿರಾಕರಿಸುವಂತಿಲ್ಲ. 14ನೆಯದು ವಯಸ್ಸಿನ ದಾಖಲೆ ಇಲ್ಲವೆಂದು, 15ನೆಯದು ವರ್ಷದ ನಡುವೆ ಬಂದರೆಂದು ಹಿಂದೆ ಕಳಿಸುವುದನ್ನು ತಡೆಯುತ್ತವೆ. 4ನೆಯದು ವಯಸ್ಸಿಗೆ ತಕ್ಕ ತರಗತಿಯಲ್ಲಿ ಕೂರಿಸಿ ವಿಶೇಷ ತರಬೇತಿ ಕೊಡಲು ಹೇಳುತ್ತದೆ.

ತೊಡಕಿರುವುದು ಎರಡೂ ಕಡೆಯ ಪಟ್ಟಿಯಲ್ಲಿ. ಊರಲ್ಲಿ ಟಿಸಿ ತೆಗೆಸಿದರೆ ಏಪ್ರಿಲ್‌ನಲ್ಲಿ ಮರಳಿದಾಗ ಅಲ್ಲಿನ ಪಟ್ಟಿಯಲ್ಲಿ ಮಗುವಿನ ಹೆಸರಿರುವುದಿಲ್ಲ. ತೆಗೆಸದಿದ್ದರೆ ಅಲ್ಲಿ ಸತತ ಗೈರುಹಾಜರಿ ಬಿದ್ದು ಶಾಲೆ ಬಿಟ್ಟವರ ಪಟ್ಟಿಗೆ ಹೋಗುತ್ತದೆ. ಮಹಾರಾಷ್ಟ್ರದೊಳಗೇ ಅಲೆಯುವ ಮಕ್ಕಳಿಗೆ ಶಿಕ್ಷಣ ಹಮಿ ಕಾರ್ಡ್ ಎಂಬ ವ್ಯವಸ್ಥೆಯಿದೆ. ಊರ ಶಾಲೆ ಕಾರ್ಡ್ ಕೊಡುತ್ತದೆ, ಹೋದ ಶಾಲೆ ಕೂರಿಸಿಕೊಳ್ಳುತ್ತದೆ. ಕರ್ನಾಟಕದ ಮಗುವಿಗೆ ಅದೇ ಕೆಲಸವನ್ನು ಒಂದು ಪತ್ರದಿಂದ ಮಾಡಿಸಿ. ಐದಾರು ತಿಂಗಳಿಗಷ್ಟೇ ಬಂದವರಾದರೆ ಟಿಸಿ ತರಿಸಬೇಡಿ. ಊರ ಮುಖ್ಯ ಶಿಕ್ಷಕರಿಗೆ ಫೋನ್ ಮಾಡಿ ಎಸ್‌ಎಟಿಎಸ್ ಸಂಖ್ಯೆ (ಕರ್ನಾಟಕದ ವಿದ್ಯಾರ್ಥಿ ದಾಖಲೆಯದು), ಯುಡೈಸ್‌ನ ಪೆನ್ ಸಂಖ್ಯೆ (ಕೇಂದ್ರದ ಶಾಲಾ ದಾಖಲೆಯ ಕಾಯಂ ವಿದ್ಯಾರ್ಥಿ ಸಂಖ್ಯೆ) ಬರೆದುಕೊಳ್ಳಿ. ಪೆನ್ ದೇಶಕ್ಕೆಲ್ಲ ಒಂದೇ. ಹೊಸದಾಗಿ ನಮೂದಿಸಿದರೆ ಒಂದೇ ಮಗು ಎರಡಾಗಿ ಮುಂದೆ ವಿದ್ಯಾರ್ಥಿವೇತನಕ್ಕೆ ಅಡ್ಡಿಯಾಗುತ್ತದೆ. ಹೊರಡುವ ಮುಂಚೆ ಹಾಜರಿ ದಿನಗಳು, ಕಲಿತ ಪಾಠಗಳು, ಓದಿನ ಮಟ್ಟ ಬರೆದು, ಶಾಲೆಯ ಮೊಹರು ಹಾಕಿ ತಾಯಿಯ ಕೈಗೆ ಕೊಡಿ. ಫೆಬ್ರವರಿಯ ಮೊದಲ ವಾರವೇ ಪತ್ರ ಸಿದ್ಧವಿರಲಿ. ಕಬ್ಬು ಮುಗಿದ ರಾತ್ರಿಯೇ ಟೋಳಿ ಲಾರಿ ಹತ್ತುತ್ತದೆ, ಬೆಳಿಗ್ಗೆ ಹೋದರೆ ಬರೀ ಒಲೆಗಲ್ಲು ಕಾಣುತ್ತದೆ.

ಪಾಲಕರಿಗೆ ಇನ್ನೊಂದು ವಿಷಯ ಹೇಳಿ. ಕರ್ನಾಟಕದ ಆದ್ಯತಾ ಪಡಿತರ ಚೀಟಿಯಲ್ಲಿ ಹೆಸರಿದ್ದು ಆಧಾರ್ ಜೋಡಣೆಯಾಗಿದ್ದರೆ, ಒಂದು ದೇಶ ಒಂದು ಪಡಿತರ ವ್ಯವಸ್ಥೆಯಲ್ಲಿ ಕೇಂದ್ರದ ಪಾಲಿನ ಧಾನ್ಯವನ್ನು ಅಕ್ಕಲಕೋಟೆಯಲ್ಲೇ ಪಡೆಯಬಹುದು. ಊರಲ್ಲಿ ಅಜ್ಜ–ಅಜ್ಜಿ ಉಳಿದಿದ್ದರೆ ಅವರ ಪಾಲನ್ನು ಅಲ್ಲಿಗೇ ಬಿಟ್ಟು ತಮ್ಮ ಪಾಲನ್ನಷ್ಟೇ ಎತ್ತಲಿ.

ಪ್ರಶ್ನೆ: ನಾವು ಹೊಸೂರಿನ ಕನ್ನಡ ಯುವಕರು. ಜಿಲ್ಲೆಯ ಶ್ರೀಲಂಕಾ ತಮಿಳರ ಶಿಬಿರವೊಂದಕ್ಕೆ 200 ಶಾಲಾ ಚೀಲ, ನೋಟ್‌ಪುಸ್ತಕ ಕೊಡಬೇಕೆಂದಿದ್ದೇವೆ. ಯಾರನ್ನು ಕೇಳಬೇಕು?
— ಹೊಸೂರು, ಕೃಷ್ಣಗಿರಿ ಜಿಲ್ಲೆ

ಉತ್ತರ: ಅನುಮತಿಯಿಲ್ಲದೆ ಗೇಟಿನ ಬಳಿ ಹೋಗಿ ನಿಲ್ಲಬೇಡಿ. ನಿಮಗಿಂತ ಶಿಬಿರದವರಿಗೆ ಮುಜುಗರ. ಈ ಶಿಬಿರಗಳು ಕಂದಾಯ ಇಲಾಖೆಯ ಉಸ್ತುವಾರಿಯಲ್ಲಿವೆ, ರಾಜ್ಯಮಟ್ಟದಲ್ಲಿ ಚೆನ್ನೈನ ಪುನರ್ವಸತಿ ಆಯುಕ್ತರ ಕಚೇರಿ ನೋಡಿಕೊಳ್ಳುತ್ತದೆ. 2021ರಿಂದ ಇವಕ್ಕೆ ಶ್ರೀಲಂಕಾ ತಮಿಳರ ಮರುವಾಳ್ವು ಮುಗಾಂ, ಅಂದರೆ ಪುನರ್ವಸತಿ ಶಿಬಿರ ಎಂದು ಹೆಸರು. ಅರ್ಜಿಯಲ್ಲಿ ಅದೇ ಹೆಸರು ಬರೆಯಿರಿ, ಮಾತಿನಲ್ಲೂ ನಿರಾಶ್ರಿತ ಎಂದಾಗಲಿ, ಅದರ ತಮಿಳು ಪದವಾದ ಅಗದಿ ಎಂದಾಗಲಿ ಎನ್ನಬೇಡಿ. ಅರ್ಜಿ ಜಿಲ್ಲಾಧಿಕಾರಿ ಕಚೇರಿಗೆ: ಸಂಘದ ನೋಂದಣಿ ಪ್ರತಿ, ಬರುವವರ ಹೆಸರು ಮತ್ತು ಗುರುತುಚೀಟಿ, ದಿನ–ಹೊತ್ತು, ಕೊಡುವ ವಸ್ತುಗಳ ಪಟ್ಟಿ, ಹಣದ ಮೂಲ. ಒಂದು ತಿಂಗಳು ಮೊದಲೇ ಕೊಡಿ. ಕಂದಾಯದವರು ಎಲ್ಲರನ್ನೂ ನಿಲ್ಲಿಸಿ ಹೆಸರು ಕೂಗುವ ಹಾಜರಿ ದಿನ ಬಿಟ್ಟು ಬೇರೆ ದಿನ ಆರಿಸಿ.

ಚೀಲದ ವಿಚಾರ ಕೈಬಿಡಿ ಎನ್ನುವುದು ನಮ್ಮ ಅಭಿಪ್ರಾಯ. ತಮಿಳುನಾಡಿನ ಸರ್ಕಾರಿ ಶಾಲೆಯ ಮಕ್ಕಳಿಗೆ ಪಠ್ಯ, ನೋಟ್‌ಪುಸ್ತಕ, ಚೀಲ, ಸಮವಸ್ತ್ರ ಸರ್ಕಾರವೇ ಕೊಡುತ್ತದೆ, ಶಿಬಿರದ ಮಕ್ಕಳೂ ಅಲ್ಲೇ ಓದುವವರು. ಕೊರತೆ ಬೀಳುವುದು ಹನ್ನೆರಡನೆಯ ತರಗತಿಯ ಆಚೆ. 2021ರಲ್ಲಿ ಏರಿಸಿದ ಮೇಲೆ ಸರ್ಕಾರದ ತಿಂಗಳ ನೆರವು ಕುಟುಂಬದ ಹಿರಿಯರಿಗೆ ₹1,500, ಉಳಿದ ದೊಡ್ಡವರಿಗೆ ₹1,000, ಮಕ್ಕಳಿಗೆ ₹500. ಇದರಲ್ಲಿ ಕಾಲೇಜಿನ ಬಸ್ಸು, ಪರೀಕ್ಷೆ ಶುಲ್ಕ, ಊಟ ಹೊಂದಿಸಬೇಕು. ಮೊದಲ ವರ್ಷದ ಗಣಿತ ಅಥವಾ ಇಂಗ್ಲಿಷ್ ಪತ್ರಿಕೆ ಉಳಿದುಬಿಟ್ಟರೆ ಹುಡುಗ ದಿನಗೂಲಿಗೆ ಗೋಡೆಗೆ ಬಣ್ಣ ಬಳಿಯಲು ಹೋಗುತ್ತಾನೆ. ಕೈಗೆ ಕಾಸು ಬಂದ ಮೇಲೆ ಮರಳಿ ಓದಿಗೆ ಕೂರುವುದು ಕಷ್ಟ.

200 ಚೀಲದ ಹಣದಲ್ಲಿ ಒಂದು ಓದುಕೋಣೆ ವರ್ಷವಿಡೀ ನಡೆಯಬಹುದು. ಹಳೆಯ ಸಾಲುಮನೆಗಳಲ್ಲಿ ಒಂದೇ ಕೋಣೆಯಲ್ಲಿ ಅಡುಗೆ, ಟಿವಿ, ನಿದ್ದೆ ಎಲ್ಲವೂ. ಓದುವ ಹುಡುಗಿಗೆ ಬೇಕಿರುವುದು ಸದ್ದಿಲ್ಲದ ಮೂರು ಗಂಟೆ. ಶಿಬಿರದ ಸಮುದಾಯ ಭವನವನ್ನು ಸಂಜೆ 6ರಿಂದ 9ರವರೆಗೆ ಕೇಳಿ. ನಾಲ್ಕು 20 ವ್ಯಾಟಿನ ಎಲ್‌ಇಡಿ ಪಟ್ಟಿ, ಎರಡು ಫ್ಯಾನ್, ಆರು ಉದ್ದ ಮೇಜು, ಎರಡು ಹಳೆಯ ಕಂಪ್ಯೂಟರ್, ಕಾಲೇಜು ಪಠ್ಯಗಳ ಎರಡೆರಡು ಪ್ರತಿ. ನೋಡಿಕೊಳ್ಳಲು ಶಿಬಿರದ ಪದವೀಧರೆಯೊಬ್ಬರಿಗೆ ಗೌರವಧನ. ಕೀಲಿ ಅವರ ಕೈಯಲ್ಲೇ ಇರಲಿ, ನಿಮ್ಮ ಕೈಯಲ್ಲಿ ಬೇಡ. ನೀವು ವಾರಕ್ಕೆರಡು ದಿನ ಬಂದು ಮೊದಲ ವರ್ಷದವರಿಗೆ ಗಣಿತ ಹೇಳಿಕೊಟ್ಟರೆ ಅದಕ್ಕೆ ಬೆಲೆ ಕಟ್ಟಲಾಗದು. ಹೊಸೂರಿನವರಿಗೆ ತಮಿಳು ಹೇಗೂ ಬರುತ್ತದೆ.

ಪ್ರಶ್ನೆ: ನಮ್ಮ ಮಹಿಳಾ ಸಂಘದಿಂದ ಭವಾನಿಸಾಗರದ ಶಿಬಿರಕ್ಕೆ 10 ಹೊಲಿಗೆ ಯಂತ್ರ ಕೊಟ್ಟು, ಮೂರು ತಿಂಗಳು ಕಲಿಸಿದೆವು. ಈಗ ಏಳು ಯಂತ್ರ ಸುಮ್ಮನೆ ಕೂತಿವೆ. ಅವರಿಗೆ ಆಸಕ್ತಿಯಿಲ್ಲ ಎನ್ನುತ್ತಾರೆ ನಮ್ಮ ಸದಸ್ಯೆಯರು. ಹೌದೇ?
— ಸತ್ಯಮಂಗಲ, ಈರೋಡು ಜಿಲ್ಲೆ

ಉತ್ತರ: ಆಸಕ್ತಿಯ ಮಾತು ಬಿಡಿ ಅಮ್ಮ, ಲೆಕ್ಕ ನೋಡೋಣ. ಸಾಮಾನ್ಯವಾಗಿ ಹಂಚುವುದು ಕಾಲಲ್ಲಿ ತುಳಿಯುವ ಕಪ್ಪು ತಲೆಯ ಮನೆಬಳಕೆಯ ಯಂತ್ರ. ಬ್ಲೌಸು, ರಿಪೇರಿಗೆ ಅದು ಚೆನ್ನ. ಆದರೆ ಅಂಗಡಿಗೆ ಕೊಡುವ ಮಾಲಿಗೆ ಅಂಚು ಕಟ್ಟುವ ಓವರ್‌ಲಾಕ್ ಯಂತ್ರ ಬೇಕು. ಅದಿಲ್ಲದ ನೈಟಿಯನ್ನು ಅಂಗಡಿಯವರು ಒಳಮಗ್ಗುಲು ತಿರುವಿ ನೋಡಿ ಹಿಂದೆ ಕೊಡುತ್ತಾರೆ, ಏಕೆಂದರೆ ಎರಡು ಒಗೆತಕ್ಕೆ ಅಂಚು ಎಳೆ ಬಿಡುತ್ತದೆ. ಹತ್ತು ಯಂತ್ರ ಕೊಡುವ ಬದಲು ಆರು ಹೊಲಿಗೆ ಯಂತ್ರ, ಮೂರು ದಾರದ ಒಂದು ಓವರ್‌ಲಾಕ್, 4×6 ಅಡಿಯ ಕತ್ತರಿಸುವ ಮೇಜು, ಒಂದು ಭಾರದ ಇಸ್ತ್ರಿ, ಎರಡು ಒಳ್ಳೆಯ ಕತ್ತರಿ ಕೊಟ್ಟಿದ್ದರೆ ಎಲ್ಲವೂ ದುಡಿಯುತ್ತಿದ್ದವು. ಈಗಲೂ ತಡವಾಗಿಲ್ಲ. ಕೂತ ಯಂತ್ರಗಳಲ್ಲಿ ಕೆಲವನ್ನು ಶಿಬಿರದವರ ಒಪ್ಪಿಗೆ ಪಡೆದು ಮಾರಿ, ಕೊರತೆಯ ಹಣ ಸೇರಿಸಿ ಓವರ್‌ಲಾಕ್ ತನ್ನಿ.

ಎರಡನೆಯದು ಬಂಡವಾಳ. ಒಂದು ನೈಟಿಯ ಲೆಕ್ಕ ಹೀಗೆ ಹಾಕಿ (ದರಗಳು ಮಾದರಿಗಷ್ಟೇ, ನಿಮ್ಮ ಊರಿನ ದರ ಸೇರಿಸಿಕೊಳ್ಳಿ). ಬಟ್ಟೆ 3 ಮೀಟರ್, ಮೀಟರಿಗೆ ₹65ರಂತೆ ₹195. ದಾರ, ಲೇಸು, ಗುಂಡಿ ₹15. ಕರೆಂಟು, ಎಣ್ಣೆ ₹3. ಕವರು ₹2. ಹೊಲಿಗೆ ಕೂಲಿ ₹50. ಕತ್ತರಿಸಿ ಅಂಚು ಕಟ್ಟಿದವರಿಗೆ ₹10. ಯಂತ್ರದ ರಿಪೇರಿ ನಿಧಿಗೆ ₹5. ಒಟ್ಟು ₹280. ಇದನ್ನು ಅಂಗಡಿಗೆ ₹310ಕ್ಕೆ ಕೊಟ್ಟರೆ ಸಂಘಕ್ಕೆ ₹30 ಉಳಿಯಿತು. ಲೆಕ್ಕ ಹಾಕದ ಕಡೆ ಬಟ್ಟೆ–ದಾರದ ₹210ಕ್ಕೆ ಹತ್ತಿಪ್ಪತ್ತು ಸೇರಿಸಿ ₹230ಕ್ಕೆ ಮಾರುತ್ತಾರೆ, ಲಾಭವಾಯಿತೆಂದುಕೊಳ್ಳುತ್ತಾರೆ. ದಿನವಿಡೀ ಕೂತವಳಿಗೆ ಕೂಲಿಯೇ ಹುಟ್ಟಲಿಲ್ಲ, ಮರುವಾರ ಆಕೆ ಹೊಲದ ಕೂಲಿಗೆ ಹೋದಳು. ಆಕೆ ಮಾಡಿದ್ದು ಸರಿಯಾದ ಲೆಕ್ಕ.

ಕೈ ಕುದುರಿದವಳು ಗಂಟೆಗೊಂದು ನೈಟಿ ಹೊಲಿಯುತ್ತಾಳೆ. ನಾಲ್ವರು ದಿನಕ್ಕೆ ಐದು ಗಂಟೆ ಕೂತರೆ 20, ಐದು ದಿನಕ್ಕೆ 100. ಅಷ್ಟರಲ್ಲಿ ₹28,000 ಬಟ್ಟೆಯಾಗಿ ಕೂತಿತು. ಅಂಗಡಿಯವರು ತಿಂಗಳ ಸಾಲ ಕೇಳಿದರೆ ಎರಡನೆಯ ವಾರಕ್ಕೆ ಬಟ್ಟೆ ತರಲು ಹಣವಿಲ್ಲ, ಯಂತ್ರಗಳಿಗೆ ಮುಸುಕು. ಆದ್ದರಿಂದ ಯಂತ್ರದಷ್ಟೇ ಹಣವನ್ನು ಸುತ್ತುನಿಧಿಯಾಗಿ ಇಡಬೇಕು. ಮೊದಲ ಆರು ತಿಂಗಳು ನಗದು ಗಿರಾಕಿಗಷ್ಟೇ ಮಾರಿ, ಸಾಲ ಕೊಟ್ಟರೂ ಒಬ್ಬ ಅಂಗಡಿಗೆ 30ಕ್ಕಿಂತ ಹೆಚ್ಚು ಬೇಡ. ಬಟ್ಟೆಗೆ ದೂರ ಹೋಗಬೇಕಿಲ್ಲ. ಈರೋಡಿನ ಗನಿ ಜವಳಿ ಮಾರುಕಟ್ಟೆಯ ವಾರದ ಸಂತೆ ಸೋಮವಾರ ರಾತ್ರಿ ಸುರುವಾಗಿ ಮಂಗಳವಾರ ನಡೆಯುತ್ತದೆ. ಹಾಜರಿ ದಿನ ಅದಕ್ಕೆ ತಾಗಿ ಬಂದರೆ ಶಿಬಿರದವರು ಹೋಗಲಾಗದು, ಆಗ ನಿಮ್ಮ ಸಂಘದವರು ಒಬ್ಬರು ಹೋಗಿ ತರಲಿ. ಬಟ್ಟೆ ಆರಿಸುವುದನ್ನು ಮಾತ್ರ ಅವರಿಗೇ ಬಿಡಿ, ವೀಡಿಯೊ ಕರೆಯಲ್ಲಾದರೂ ತೋರಿಸಿ. ಮಾರುವವರು ಅವರು.

ಯಂತ್ರ ಕೆಡುವುದು ಸಣ್ಣ ಕಾರಣಕ್ಕೆ. ಹಲ್ಲಿನ ಪಟ್ಟಿಯ ಕೆಳಗೆ ನೂಲಿನ ಧೂಳು ತುಂಬಿ ಬಟ್ಟೆ ಮುಂದೆ ಸರಿಯುವುದಿಲ್ಲ. ದಿನದ ಕೊನೆಗೆ ಬ್ರಷ್ಷಿನಿಂದ ತೆಗೆದು ರಂಧ್ರಗಳಿಗೆ ಒಂದೊಂದು ಹನಿ ಎಣ್ಣೆ ಬಿಡಿ, ಬೆಳಿಗ್ಗೆ ಚಿಂದಿ ಬಟ್ಟೆಯ ಮೇಲೆ ಓಡಿಸಿ ಹೆಚ್ಚಿನ ಎಣ್ಣೆ ಒರೆಸಿ. ಹೊಲಿಗೆ ಬಿಟ್ಟು ಬಿಟ್ಟು ಬಿದ್ದರೆ ಮೊದಲು ಸೂಜಿ ಬದಲಿಸಿ, ತಿರುಪಿಗೆ ಕೈ ಹಾಕಬೇಡಿ. ಹತ್ತಿಗೆ 14ನೇ ನಂಬರು, ತೆಳು ವಾಯಿಲಿಗೆ 11, ದಪ್ಪ ಚೀಲಕ್ಕೆ 16. ಮಳೆಗಾಲದಲ್ಲಿ ಚರ್ಮದ ಬೆಲ್ಟು ಹಿಗ್ಗಿ ಚಕ್ರ ಜಾರುತ್ತದೆ. ಅರ್ಧ ಇಂಚು ಕತ್ತರಿಸಿ ಮತ್ತೆ ಕೊಕ್ಕೆ ಹಾಕಿದರೆ ಮುಗಿಯಿತು. ಇದನ್ನು ಕಲಿಸದೆ ಯಂತ್ರ ಕೊಟ್ಟು ಬಂದರೆ ಒಂದು ಮಳೆಗಾಲ ದಾಟುವುದಿಲ್ಲ.

ಪ್ರಶ್ನೆ: ಭವಾನಿಸಾಗರದ ಶಿಬಿರದಲ್ಲಿ ಅಣಬೆ ಬೆಳೆಸಬಹುದಾ? ನಮ್ಮ ರೈತರ ಗುಂಪು ಹುಲ್ಲು ಕೊಡಲು ತಯಾರಿದೆ.
— ತಾಳವಾಡಿ

ಉತ್ತರ: ಚಿಪ್ಪಣಬೆಯನ್ನು ನವೆಂಬರಿನಿಂದ ಫೆಬ್ರವರಿಯವರೆಗೆ ಬೆಳೆಯಬಹುದು. ಬೇಸಿಗೆಯಲ್ಲಿ ಬೇಡ. ನಿಮ್ಮ ತಾಳವಾಡಿ ಬೆಟ್ಟದ ಮೇಲೆ ತಂಪು, ಭವಾನಿಸಾಗರ ಕೆಳಗಿನ ಸೀಮೆ. ಕೋಣೆಯ ಉಷ್ಣತೆ 30 ಡಿಗ್ರಿ ದಾಟಿದರೆ ಅಣಬೆಯ ಬಿಳಿ ಎಳೆಗಳ ಬಲೆ ಸೊರಗುತ್ತದೆ.

ಆ ವರ್ಷದ ಹೊಸ ಭತ್ತದ ಹುಲ್ಲು, ಮಳೆಗೆ ನೆನೆಯದ್ದು ಬೇಕು. ಎರಡು ಇಂಚಿಗೆ ಕತ್ತರಿಸಿ ರಾತ್ರಿಯಿಡೀ ನೆನೆಹಾಕಿ, ಡ್ರಮ್ಮಿನಲ್ಲಿ ಒಂದು ಗಂಟೆ ಕುದಿಸಿ, ಶುದ್ಧ ಗೋಣಿಯ ಮೇಲೆ ಹರಡಿ. ಮುಷ್ಟಿಯಲ್ಲಿ ಹಿಂಡಿದರೆ ನೀರು ತೊಟ್ಟಿಕ್ಕಬಾರದು, ಅಂಗೈ ಮಾತ್ರ ಒದ್ದೆಯಾಗಬೇಕು. ಇಲ್ಲೇ ಹೆಚ್ಚಿನವರು ಎಡವುವುದು. ನೀರು ಉಳಿದರೆ ಹಸಿರು ಬೂಷ್ಟು ಬಂದು ಬೆಡ್ (ಹುಲ್ಲು ತುಂಬಿದ ಚೀಲ) ಹಾಳು. 12×24 ಇಂಚಿನ ಚೀಲದಲ್ಲಿ ಹುಲ್ಲು, ಅದರ ಅಂಚಿಗೆ ಬೀಜ, ಮತ್ತೆ ಹುಲ್ಲು, ಹೀಗೆ ನಾಲ್ಕೈದು ಪದರ ತುಂಬಿ ಬಾಯಿ ಕಟ್ಟಿ, ಎಂಟು–ಹತ್ತು ತೂತು ಹಾಕಿ. 15–20 ದಿನಕ್ಕೆ ಚೀಲವೆಲ್ಲ ಬಿಳಿಯಾಗುತ್ತದೆ. ಆಮೇಲೆ ದಿನಕ್ಕೆ ಎರಡು ಸಲ ತುಂತುರು ನೀರು, ಗಾಳಿ. ಮೊಳಕೆ ಕಂಡ ಮೂರು–ನಾಲ್ಕು ದಿನಕ್ಕೆ ಕೊಯ್ಲು. ಒಂದು ಕಿಲೋ ಒಣಹುಲ್ಲಿಗೆ ಅರ್ಧ ಕಿಲೋ ಬಂದರೆ ಚೆನ್ನಾಗಿ ಬಂದಂತೆ.

ಮೊದಲ ಸಲ 20 ಬೆಡ್ ಸಾಕು. ಕೊಯ್ದ ಅಣಬೆ ಮರುದಿನಕ್ಕೆ ಬಾಡುತ್ತದೆ, ಕೊಳ್ಳುವ ಹೋಟೆಲನ್ನೋ ಅಂಗಡಿಯನ್ನೋ ಗೊತ್ತುಮಾಡಿದ ಮೇಲೇ ಹುಲ್ಲು ನೆನೆಸಿ. ಮನುಷ್ಯರು ಮಲಗುವ ಕೋಣೆಯಲ್ಲಿ ಚೀಲ ತೂಗುಹಾಕಲು ಬಿಡಬೇಡಿ. ಅಣಬೆಯ ಬೀಜಕದ ಪುಡಿ ಕೆಲವರಿಗೆ ಕೆಮ್ಮು, ಉಬ್ಬಸ ತರುತ್ತದೆ. ಬೇರೆ ಕೋಣೆಯಿಲ್ಲದಿದ್ದರೆ ಈ ಕೆಲಸವೇ ಬೇಡ.

ಪ್ರಶ್ನೆ: ನಮ್ಮ ಯುವಕ ಮಂಡಲದಿಂದ ಶಿಬಿರದ ಇಬ್ಬರು ಮಕ್ಕಳ ಕಾಲೇಜು ಫೀಸು ಕಟ್ಟುವ ಅಂತ ಉಂಟು. ಊರಿನವರು ಹಲವರು ಗಲ್ಫಿನಲ್ಲಿದ್ದಾರೆ, ಭಾವನೊಬ್ಬರು ಕೆನಡಾದ ಪೌರತ್ವ ತಗೊಂಡಿದ್ದಾರೆ. ಇವರ ಹಣ ಪಡೆಯಬಹುದಾ?
— ಕುಂಬಳೆ, ಕಾಸರಗೋಡು

ಉತ್ತರ: ಗಲ್ಫಿನಲ್ಲಿದ್ದರೂ ಭಾರತದ ಪಾಸ್‌ಪೋರ್ಟ್ ಇರುವವರು ತಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳಿಸಿದ್ದು ವಿದೇಶಿ ದೇಣಿಗೆಯಲ್ಲ. ಪಾಸ್‌ಪೋರ್ಟ್ ಪ್ರತಿ ಇಟ್ಟುಕೊಂಡು ರಶೀದಿ ಕೊಡಿ. ಭಾವನದ್ದು ಬೇರೆ. ವಿದೇಶದ ಪೌರರಾದವರು, ಒಸಿಐ (ಸಾಗರೋತ್ತರ ಭಾರತೀಯ) ಕಾರ್ಡ್ ಇದ್ದರೂ, ವಿದೇಶಿ ಮೂಲವೇ. ಅವರಿಂದ ಪಡೆಯಲು 2010ರ ವಿದೇಶಿ ದೇಣಿಗೆ ಕಾಯ್ದೆಯ ನೋಂದಣಿ ಅಥವಾ ಮುಂಗಡ ಅನುಮತಿ ಬೇಕು. ನೋಂದಣಿಗೆ ಸಂಸ್ಥೆಗೆ ಮೂರು ವರ್ಷ ತುಂಬಿ, ಆ ಮೂರು ವರ್ಷಗಳಲ್ಲಿ ₹15 ಲಕ್ಷ ಖರ್ಚು ಮಾಡಿರಬೇಕು, ಹಣ ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯ ಖಾತೆಗೇ ಬರಬೇಕು. ಭಾವನ ಹಣ ಅಕ್ಕನ ಖಾತೆಗೆ ಬಂದು ಅಲ್ಲಿಂದ ಮಂಡಲಕ್ಕೆ ದಾಟಿದರೂ ಅದು ವಿದೇಶಿ ದೇಣಿಗೆಯೇ. 2020ರ ತಿದ್ದುಪಡಿಯ ನಂತರ ನೋಂದಣಿಯಿರುವ ಸಂಸ್ಥೆಯೂ ಅಂಥ ಹಣವನ್ನು ನಿಮಗೆ ಹಂಚುವಂತಿಲ್ಲ. ನೋಂದಣಿಯಿರುವ ಸಂಸ್ಥೆಯೊಂದಕ್ಕೆ ಅವರು ನೇರವಾಗಿ ಕೊಡಲಿ.

ಮಂಡಲ ನೋಂದಣಿಯಾಗಿಲ್ಲದಿದ್ದರೆ ಕಾಸರಗೋಡಿನಲ್ಲಿ 1860ರ ಸಂಘಗಳ ನೋಂದಣಿ ಕಾಯ್ದೆಯಡಿ ಏಳು ಮಂದಿ ಸದಸ್ಯರಿದ್ದರೆ ಮಾಡಿಸಬಹುದು. ತಿರುವಾಂಕೂರು–ಕೊಚ್ಚಿ ಭಾಗದ 1955ರ ಕಾಯ್ದೆಯ ಫಾರಂ ಇಲ್ಲಿಗೆ ಸಲ್ಲದು. ಪಾನ್ ಕಾರ್ಡ್ ಮಂಡಲದ ಹೆಸರಿನಲ್ಲಿರಲಿ. ತೆರಿಗೆ ವಿನಾಯಿತಿಯ ಪ್ರಮಾಣಪತ್ರ ಪಡೆದರೂ ₹2,000 ಮೀರಿದ ನಗದು ದೇಣಿಗೆಗೆ ದಾನಿಗೆ ವಿನಾಯಿತಿಯಿಲ್ಲ. ಫೀಸನ್ನು ವಿದ್ಯಾರ್ಥಿಯ ಪ್ರವೇಶ ಸಂಖ್ಯೆ ನಮೂದಿಸಿ ಕಾಲೇಜಿನ ಖಾತೆಗೇ ಕಟ್ಟಿ. ಇಬ್ಬರನ್ನು ಹಿಡಿದರೆ ಮೂರು ವರ್ಷದ ಹಣ ಮೊದಲೇ ಠೇವಣಿಯಲ್ಲಿರಲಿ. ಎರಡನೆಯ ವರ್ಷ ಕೈಬಿಡುವುದಕ್ಕಿಂತ ಒಬ್ಬರನ್ನೇ ಕೊನೆಯವರೆಗೆ ಓದಿಸಿ.

ಪ್ರಶ್ನೆ: ಶ್ರೀಲಂಕಾ ತಮಿಳರ ಶಿಬಿರದಲ್ಲಿ ಹುಟ್ಟಿದ ಮಗುವಿಗೆ ಯಾವ ಕಾಗದ ಮಾಡಿಸಬೇಕು?
— ಆರೋಗ್ಯ ಕಾರ್ಯಕರ್ತೆ, ಡೆಂಕಣಿಕೋಟೆ

ಉತ್ತರ: ಮೊದಲು ಇಲ್ಲಿನ ಜನನ ಪ್ರಮಾಣಪತ್ರ. 21 ದಿನದೊಳಗೆ ತಿಳಿಸಿದರೆ ಶುಲ್ಕವಿಲ್ಲ, ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ಆದೇಶ ಬೇಕಾಗುತ್ತದೆ. ತಂದೆ–ತಾಯಿಯ ಹೆಸರು ಶಿಬಿರದ ಗುರುತುಚೀಟಿಯಲ್ಲಿರುವ ಅಕ್ಷರಗಳಲ್ಲೇ ಇರಲಿ. ಆಸ್ಪತ್ರೆಯಲ್ಲಿ ಕಿವಿಗೆ ಬಿದ್ದಂತೆ ಬರೆದ ಹೆಸರು ಇಪ್ಪತ್ತು ವರ್ಷ ಕಾಡುತ್ತದೆ. ಆಮೇಲೆ ಚೆನ್ನೈನ ಶ್ರೀಲಂಕಾ ಉಪ ಹೈಕಮಿಷನ್‌ನಲ್ಲಿ ಜನನ ನೋಂದಣಿ. ಇದಿಲ್ಲದಿದ್ದರೆ ಮಗು ಯಾವ ದೇಶದ ಪೌರತ್ವದ ಕಾಗದದಲ್ಲೂ ಇರುವುದಿಲ್ಲ. 1987ರ ಜುಲೈ 1ಕ್ಕಿಂತ ಮೊದಲು ಭಾರತದಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಭಾರತದ ಪೌರರು. 1986ರಲ್ಲಿ ಮಂಡಪಂ ಶಿಬಿರದಲ್ಲಿ ಹುಟ್ಟಿದ ಮಹಿಳೆಯೊಬ್ಬರಿಗೆ ಪಾಸ್‌ಪೋರ್ಟ್ ಕೊಡುವಂತೆ ಮದ್ರಾಸ್ ಹೈಕೋರ್ಟ್ 2022ರಲ್ಲಿ ಆದೇಶಿಸಿತು. ಅವಧಿಯೊಳಗೆ ಬರುವ ಹಿರಿಯರು ನಿಮ್ಮ ಶಿಬಿರದಲ್ಲಿದ್ದರೆ ವಕೀಲರನ್ನು ಕಾಣಿಸಿ. ಈಗ ಹುಟ್ಟುವ ಮಕ್ಕಳಿಗೆ ಆ ಹಕ್ಕಿಲ್ಲ, 2019ರ ಪೌರತ್ವ ತಿದ್ದುಪಡಿಯಲ್ಲಿ ಶ್ರೀಲಂಕಾ ಸೇರಿಲ್ಲ.

ಪ್ರಶ್ನೆ: ದಾನಿಗಳು ಮಕ್ಕಳ ಫೋಟೊ ಕೇಳುತ್ತಾರೆ. ಕಳಿಸದಿದ್ದರೆ ಹಣ ನಿಲ್ಲುತ್ತದೆ. ಏನು ಮಾಡುವುದು?
— ಸೊಲ್ಲಾಪುರ

ಉತ್ತರ: ಮಗುವಿನ ಮುಖ, ಹೆಸರು, ಶಿಬಿರದ ಹೆಸರು ಈ ಮೂರನ್ನು ಒಟ್ಟಿಗೆ ಎಲ್ಲೂ ಹಾಕಬೇಡಿ. ಶಿಬಿರದ ಹುಡುಗಿಯ ಚಿತ್ರ ವಾಟ್ಸಾಪಿನಲ್ಲಿ ಓಡಾಡಿದರೆ ಅವಳ ಸುರಕ್ಷತೆಗೆ ಅಪಾಯ, ಮುಂದೆ ಕೆಲಸದ ಜಾಗದಲ್ಲಿ ಕೈಚಾಚಿದವಳೆಂಬ ಮಾತು ಬೇರೆ. ಕೊಡುವ ಕೈ, ಪಡೆಯುವ ಕೈ ಜೊತೆಯಾಗಿ ನಿಂತ ಚಿತ್ರವಂತೂ ಬೇಡವೇ ಬೇಡ. ದಾನಿಗಳಿಗೆ ತಿಂಗಳ ಮೊದಲ ವಾರ ಇಷ್ಟು ಕಳಿಸಿ: ಹೆಸರಿನ ಕಾಲಂ ಮುಚ್ಚಿದ ಹಾಜರಿ ಪುಟ, ಬಿಲ್ಲುಗಳ ಪ್ರತಿ, ಕಳೆದ ತಿಂಗಳು ಅಕ್ಷರದ ಗುಂಪಿನಿಂದ ಪದದ ಗುಂಪಿಗೆ ಎಷ್ಟು ಮಕ್ಕಳು ಏರಿದರೆಂಬ ಲೆಕ್ಕ, ಮಗು ಪಾಟಿಯ ಮೇಲೆ ಬರೆದ ಒಂದು ಸಾಲಿನ ಚಿತ್ರ. ಪಾಟಿ ಹಿಡಿದ ಬೆರಳಷ್ಟೇ ಕಂಡರೆ ಸಾಕು.